ಹೊತ್ತು ಕಟ್ಟಿಡುವ ಡಬ್ಬಿ

ಮನೆಗೆ ಬರುವ ನೆಂಟರಲ್ಲಿ ಎರಡು ಬಗೆ. ಮೊದಲೇ ಹೇಳಿಕಳಿಸಿ, ನಮಗೆ ಅನುಕೂಲವೇ ಎಂದು ಕೇಳಿ ಬರುವವರು ಒಂದು ಬಗೆ. ತಮಗೆ ಬಸ್ಸು ಸಿಕ್ಕಿದ ಹೊತ್ತಿಗೆ ಬಂದು ಬಾಗಿಲು ಬಡಿದು, 'ಒಲೆ ಮೇಲೆ ಏನಾದರೂ ಇರಲಿ, ಬಾ, ಕೂತ್ಕೋ' ಎನ್ನುವವರು ಇನ್ನೊಂದು ಬಗೆ. ಟೀವಿ ಈ ಎರಡನೆಯ ಜಾತಿಗೆ ಸೇರಿದ ನೆಂಟ. ಅವನ ಹೊತ್ತಿಗೆ ನಾವು ಬಿಡುವಾಗಿರಬೇಕು. ಇಲ್ಲದಿದ್ದರೆ ಯಾರಿಗೂ ಕಾಯದೆ ತನ್ನ ಪಾಡಿಗೆ ತಾನು ಮಾತಾಡಿ ಎದ್ದು ಹೋಗಿಬಿಡುತ್ತಾನೆ.

1987ರ ಜನವರಿಯಿಂದ ಒಂದೂವರೆ ವರ್ಷ ಭಾನುವಾರದ ಬೆಳಿಗ್ಗೆ ಒಂಬತ್ತೂವರೆಗೆ ದೂರದರ್ಶನದಲ್ಲಿ 'ರಾಮಾಯಣ' ಬರುತ್ತಿತ್ತಲ್ಲ, ನಿಮ್ಮಲ್ಲಿ ಎಷ್ಟು ಜನ ಅದನ್ನು ಪೂರ್ತಿ ನೋಡಿದ್ದೀರಿ? ನಾನಂತೂ ನೋಡಿದವಳಲ್ಲ, ಕೇಳಿದವಳು. ಶಿವಮೊಗ್ಗದ ನಮ್ಮ ಮನೆಯಲ್ಲಿ ಆಗ ನಾನು ಹೊಸ ಸೊಸೆ. ನಡುಮನೆಯಲ್ಲಿ ಅಕ್ಕಪಕ್ಕದವರೆಲ್ಲ ಸೇರಿ ಇಪ್ಪತ್ತು ಜನ. ಅಷ್ಟು ಜನಕ್ಕೆ ಕಾಫಿ, ಮನೆಯವರಿಗೆ ತಿಂಡಿ. ಅಡುಗೆಮನೆಯಿಂದ ನಡುಮನೆಗೆ ಹನ್ನೆರಡು ಹೆಜ್ಜೆ. ಸೀತೆ ಲಕ್ಷ್ಮಣನಿಗೆ ಏನೋ ಹೇಳುವಷ್ಟರಲ್ಲಿ ನಮ್ಮ ಕುಕ್ಕರು ಕೂಗುತ್ತಿತ್ತು. ನಾನು ಸೌಟು ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಅಶೋಕವನದಲ್ಲಿರುತ್ತಿದ್ದಳು. ನಡುವೆ ನಡೆದದ್ದನ್ನು ಅತ್ತೆ ರಾತ್ರಿ ಪಾತ್ರೆ ಒರೆಸುತ್ತ ನನಗೆ ಹೇಳುತ್ತಿದ್ದರು. ಅವರು ಹೇಳಿದ ಕಥೆಯೇ ಚೆನ್ನಾಗಿರುತ್ತಿತ್ತು ಎನ್ನುವುದು ಬೇರೆ ಮಾತು.

ಆಮೇಲೆ ವಿ.ಸಿ.ಆರ್. ಬಂತು. ನಮ್ಮ ಬೀದಿಯಲ್ಲಿ ಮೊದಲು ತಂದದ್ದು ಅಡಿಕೆ ಮಂಡಿಯವರ ಮನೆಯಲ್ಲಿ. ಮೂರು ಗಂಟೆಯ ಕ್ಯಾಸೆಟ್ಟು ಹಾಕಿ ಹೊತ್ತು ತಿರುಗಿಸಿಟ್ಟರೆ ಯಾರೂ ಇಲ್ಲದಾಗ ತಾನೇ ಕಾರ್ಯಕ್ರಮವನ್ನು ಹಿಡಿದಿಡುತ್ತದೆ ಎಂದು ಆ ಮನೆಯಾಕೆ ಹೇಳಿದಾಗ ನನಗೆ ಚಿನ್ನದ ಬಳೆ ಕಂಡಷ್ಟು ಆಸೆಯಾಗಿತ್ತು. ಆದರೆ ಅವರ ಮನೆಯಲ್ಲೂ ಅದು ಬಾಡಿಗೆಗೆ ತಂದ ಸಿನಿಮಾ ನೋಡುವುದಕ್ಕೇ ಸವೆಯಿತು. ಅದರ ಗಡಿಯಾರ ಕೊನೆಯವರೆಗೂ ಹನ್ನೆರಡು ಎಂದು ಕಣ್ಣು ಮಿಟುಕಿಸುತ್ತಲೇ ಇತ್ತು. ಮಲೆನಾಡಿನ ಮಳೆಗೆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ಜಗತ್ತಿನಲ್ಲಿ ಕೊನೆಯವರೆಗೂ ವಿ.ಸಿ.ಆರ್. ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಆ ಕೆಲಸ ನಿಲ್ಲಿಸಿತು.

ಈ ಹಿಡಿದಿಡುವ ಕೆಲಸ ಸರಿಯೋ ತಪ್ಪೋ ಎಂದು ಅಮೆರಿಕದಲ್ಲಿ ದೊಡ್ಡ ವ್ಯಾಜ್ಯವೇ ನಡೆದಿತ್ತು. ಸಿನಿಮಾ ಕಂಪನಿಗಳು ಸೋನಿ ಕಂಪನಿಯ ಮೇಲೆ ಹಾಕಿದ ದಾವೆ ಅದು. ಮನೆಯಲ್ಲಿ ಆಮೇಲೆ ನೋಡಲೆಂದು ಕಾರ್ಯಕ್ರಮ ಹಿಡಿದಿಟ್ಟುಕೊಳ್ಳುವುದು ತಪ್ಪಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 1984ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಹೌದೆಂದರು, ನಾಲ್ವರು ಅಲ್ಲವೆಂದರು. ಆ ಮೊಕದ್ದಮೆಯಲ್ಲಿ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ ಫ್ರೆಡ್ ರೋಜರ್ಸ್ ಎಂಬಾತ ಸಾಕ್ಷಿ ಹೇಳಿದ್ದ. ಮನೆಮಂದಿ ತಮಗೆ ಒಗ್ಗುವ ಹೊತ್ತಿಗೆ ಮಕ್ಕಳ ಜೊತೆ ಕೂತು ನೋಡಲು ಅನುಕೂಲವಾಗುವುದಾದರೆ ತನ್ನದೇನೂ ಆಕ್ಷೇಪವಿಲ್ಲ ಎಂಬುದು ಅವನ ಮಾತಿನ ಸಾರ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯೂ ತನ್ನ ಖಾಸಗಿ ಬಳಕೆಗಾಗಿ ಪ್ರಸಾರವನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಅಡ್ಡಿ ಮಾಡುವುದಿಲ್ಲ. ಹಂಚುವುದು, ಮಾರುವುದು ಬೇರೆ. ಮನೆಯೊಳಗಿನ ನೋಟಕ್ಕೆ ಯಾರೂ ಬೇಡವೆನ್ನರು.

ಇಷ್ಟೆಲ್ಲ ಕಾಯಿದೆ ಓದುವ ಹುಕಿ ನನಗೆ ಬಂದದ್ದು ಅತ್ತೆಯ ದೆಸೆಯಿಂದ.

ನಮ್ಮ ಅತ್ತೆ ಓದಿದ್ದು ನಾಲ್ಕನೇ ಇಯತ್ತೆ. ಆದರೆ ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳನ್ನು ಲೈಬ್ರರಿಯಿಂದ ತರಿಸಿ ಅಕ್ಕಿ ಆರಿಸುವ ಮೊರದ ಪಕ್ಕದಲ್ಲಿಟ್ಟುಕೊಂಡು ಮುಗಿಸಿದವರು. ಒಗಟು, ಗಾದೆ, ಹಳೆಯ ಮಾತು ಎಂದರೆ ಪ್ರಾಣ. ಚಂದನ ವಾಹಿನಿಯಲ್ಲಿ 2002ರಲ್ಲಿ 'ಥಟ್ ಅಂತ ಹೇಳಿ' ಶುರುವಾಯಿತಲ್ಲ, ವೈದ್ಯರಾದ ಡಾ. ನಾ. ಸೋಮೇಶ್ವರ ಅವರು ನಡೆಸುವ ರಸಪ್ರಶ್ನೆ, ಸರಿಯುತ್ತರಕ್ಕೆ ಕನ್ನಡ ಪುಸ್ತಕದ ಬಹುಮಾನ, ಅದು ಅತ್ತೆಯ ನಿತ್ಯವ್ರತ. ಅಲ್ಲಿ ಕೂತವರು ಬಾಯಿ ತೆರೆಯುವ ಮುಂಚೆ ಇಲ್ಲಿ ಅತ್ತೆಯ ಉತ್ತರ ಬಂದಿರುತ್ತಿತ್ತು. 'ನನ್ನನ್ನ ಕರೆದಿದ್ರೆ ಇಷ್ಟು ಹೊತ್ತಿಗೆ ಒಂದು ಬೀರು ಪುಸ್ತಕ ಆಗಿರ್ತಿತ್ತು' ಎನ್ನುತ್ತಿದ್ದರು.

2019ರ ಆರಂಭದಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಮಿದುಳಿನ ಎಡಭಾಗಕ್ಕೆ ರಕ್ತ ಹೋಗದೆ ಬಲಗೈ, ಬಲಗಾಲು ಸೋತವು. ಜೊತೆಗೆ ಮಾತೂ ಹೋಯಿತು. ಪೂರ್ತಿ ಹೋಯಿತೆಂದಲ್ಲ. ನೀರು ಬೇಕೆಂದು ತಿಳಿಯುತ್ತದೆ, ಲೋಟ ಕಾಣುತ್ತದೆ, 'ನೀರು' ಎಂಬ ಮಾತು ಮಾತ್ರ ನಾಲಿಗೆಗೆ ಸಿಗುವುದಿಲ್ಲ. ವೈದ್ಯರು ಇದನ್ನು ಅಫೇಸಿಯಾ ಎನ್ನುತ್ತಾರೆ. ಇಂಥವರಲ್ಲಿ ಎಷ್ಟೋ ಮಂದಿಗೆ ಎದುರಿನವರ ಮಾತು ಅರ್ಥವಾಗುತ್ತಿರುತ್ತದೆ, ಆಡಬೇಕಾದ ಮಾತು ಹೊರಗೆ ಬರದೆ ಒಳಗೇ ತಡಕಾಡುತ್ತಿರುತ್ತದೆ. ಬೀಗದ ಕೈ ಕಳೆದುಹೋದ ಬೀರುವಿನ ಹಾಗೆ. ಬಟ್ಟೆಯೆಲ್ಲ ಒಳಗೇ ಇದೆ, ತೆಗೆಯಲಾಗುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ನಿವೃತ್ತಿಗೆ ಮೂರು ವರ್ಷ ಇರುವಾಗಲೇ ಕೆಲಸ ಬಿಟ್ಟೆ. ಬಿಡು ಎಂದು ಯಾರೂ ಹೇಳಲಿಲ್ಲ, ಬೇಡ ಎಂದೂ ಯಾರೂ ಹೇಳಲಿಲ್ಲ. ಇಂಥ ಸಂಗತಿಗಳು ನಮ್ಮ ಮನೆಗಳಲ್ಲಿ ಹೇಗೆ ತೀರ್ಮಾನವಾಗುತ್ತವೆ ಎಂಬುದು ನಿಮಗೇ ಗೊತ್ತಲ್ಲ. ವಾಕ್ ಚಿಕಿತ್ಸೆಯ ಹುಡುಗಿಯೊಬ್ಬಳು ವಾರಕ್ಕೊಮ್ಮೆ ಬಂದು ಅಭ್ಯಾಸ ಮಾಡಿಸುತ್ತಿದ್ದಳು. ಹೋಗುವಾಗ ನನಗೆ ಒಂದೇ ಮಾತು ಹೇಳುತ್ತಿದ್ದಳು: 'ಅಜ್ಜಿಗೆ ಸಮಯ ಕೊಡಿ ಆಂಟಿ. ಅವರ ಮಾತನ್ನು ನೀವು ಪೂರ್ತಿ ಮಾಡಬೇಡಿ. ಕಾಯಿರಿ.' ಕೇಳುವುದಕ್ಕೆ ಎಷ್ಟು ಸಣ್ಣ ಮಾತು! ಒಲೆಯ ಮೇಲೆ ಹಾಲಿಟ್ಟು ಬಂದವಳು ಎರಡು ನಿಮಿಷ ಸುಮ್ಮನೆ ಒಬ್ಬರ ಬಾಯಿ ನೋಡುತ್ತ ನಿಲ್ಲುವುದೆಂದರೆ ಅದು ತಪಸ್ಸೇ.

ಟೀವಿಗೆ ಮಾತ್ರ ಆ ತಪಸ್ಸು ಗೊತ್ತಿಲ್ಲ. ಗುಳಿಗೆಯ ಅಮಲಿಗೆ ಅತ್ತೆಗೆ ಎಂಟು ಗಂಟೆಗೆಲ್ಲ ಕಣ್ಣು ಎಳೆಯುತ್ತಿತ್ತು, ಅವರ ಕಾರ್ಯಕ್ರಮ ಬರುವುದು ರಾತ್ರಿಯ ಊಟದ ನಂತರ. ನಿದ್ದೆ ಕೆಡಿಸಬಾರದೆಂದು ವೈದ್ಯರ ಕಟ್ಟಪ್ಪಣೆ. ಒಂದು ದಿನ ಹಟ ಹಿಡಿದು ಎದ್ದು ಕೂತರು. ಪ್ರಶ್ನೆ ಬಂತು. ಅತ್ತೆಯ ಕಣ್ಣು ಮಿನುಗಿತು, ತುಟಿ ಅಲುಗಿತು, ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಅಷ್ಟರಲ್ಲಿ ಅಲ್ಲಿ ಯಾರೋ ಉತ್ತರ ಹೇಳಿ, ಮುಂದಿನ ಪ್ರಶ್ನೆಯೂ ಬಂದಾಗಿತ್ತು. ಹೀಗೆ ನಾಲ್ಕು ಸಲ ಆಯಿತು. ಐದನೆಯದಕ್ಕೆ ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು. ಆ ಕಾರ್ಯಕ್ರಮದ ಹೆಸರೇ ಎಷ್ಟು ನಿಷ್ಕರುಣಿ ಎಂದು ಅವತ್ತು ಮೊದಲ ಸಲ ನನಗೆ ಅನ್ನಿಸಿತು. ಥಟ್ಟಂತ ಹೇಳಲಾಗದವರು ಏನು ಮಾಡಬೇಕು?

ಬೆಂಗಳೂರಿನ ನಾದಿನಿ, 'ಅತ್ತಿಗೆ, ಯೂಟ್ಯೂಬಿನಲ್ಲಿ ಹಾಕಿಕೊಡಿ' ಎಂದಳು. ಸಿಗುವುದೇನೋ ನಿಜ. ಆದರೆ ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಅದರ ಹಿಂದೆಯೇ ಇಂಟರ್‌ನೆಟ್ಟೂ ಹೋಗುತ್ತದೆ. ಇರುವಾಗಲೂ ಹುಡುಕಬೇಕು, ಸಣ್ಣ ಅಕ್ಷರ ಓದಬೇಕು, ನಡುವೆ ಜಾಹೀರಾತು ನುಗ್ಗಿದರೆ ಅತ್ತೆಗೆ ಗಾಬರಿ. ನನಗೆ ಬೇಕಾದದ್ದು ನಿನ್ನೆ ರಾತ್ರಿಯ ಕಾರ್ಯಕ್ರಮ ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ, ಸ್ನಾನ ಗಂಜಿ ಆಗಿ ಅತ್ತೆ ಹುಷಾರಾಗಿರುವ ಹೊತ್ತಿಗೆ, ಒಂದು ಗುಂಡಿ ಒತ್ತಿದರೆ ಬರುವಂತೆ. ಬೇಕೆಂದಲ್ಲಿ ನಿಲ್ಲುವಂತೆ.

ಮಹಡಿಯ ಮೇಲೆ ನಮ್ಮದು ದೂರದರ್ಶನದ ಉಚಿತ ಡಿಶ್. 2004ರ ಡಿಸೆಂಬರಿನಲ್ಲಿ ಶುರುವಾದ ಸೇವೆ, ತಿಂಗಳ ಚಂದಾ ಇಲ್ಲ. ನಾವು ಅಕ್ಕಪಕ್ಕದವರಂತೆ ಕೇಬಲ್ಲಿಗೆ ಹೋಗದೆ ಇದರಲ್ಲೇ ಉಳಿದದ್ದು ನಮ್ಮವರ ಜಿಪುಣತನದಿಂದ. ಆ ಜಿಪುಣತನ ನನಗೆ ವರವಾಯಿತು. ಏಕೆಂದರೆ ಅದರ ಚಂದನದಂಥ ವಾಹಿನಿಗಳಿಗೆ ಬೀಗಮುದ್ರೆ ಇರಲಿಲ್ಲ. ಯಾವ ಯಂತ್ರದಲ್ಲಿ ಬೇಕಾದರೂ ಹಿಡಿಯಬಹುದಿತ್ತು.

ಮೊದಲು ಪೇಟೆಯಲ್ಲಿ ಸಿಗುವ ಅಗ್ಗದ ಸೆಟ್‌ಟಾಪ್ ಬಾಕ್ಸ್ ತಂದೆ. ಪೆನ್‌ಡ್ರೈವ್ ಸಿಕ್ಕಿಸಿದರೆ ರೆಕಾರ್ಡ್ ಆಗುತ್ತದೆ. ಒಳ್ಳೆಯದೇ, ಬೇಕಾದವರಿಗೆ ಅಷ್ಟೇ ಸಾಕು. ಆದರೆ ಅದು ಹಿಡಿಯುತ್ತಿರುವಾಗ ನಮ್ಮವರಿಗೆ ವಾರ್ತೆ ಸಿಗದು. ಕರೆಂಟು ಹೋಗಿ ಬಂದರೆ ಮಲಗಿದ್ದು ಏಳದು. ಎರಡನೆಯದಾಗಿ, ಮಗ ಬಿಟ್ಟುಹೋದ ಹಳೆಯ ಕಂಪ್ಯೂಟರ್ ಇತ್ತು. ಅದು ಹಗಲೂ ರಾತ್ರಿ ಉರಿದರೆ ಸುಮಾರು 80 ವಾಟ್, ಒಂದು ಹಳೆಯ ಸೀಲಿಂಗ್ ಫ್ಯಾನಿನಷ್ಟು. ದಿನಕ್ಕೆ ಹತ್ತಿರ ಹತ್ತಿರ 2 ಯೂನಿಟ್, ತಿಂಗಳಿಗೆ 58. ಬಿಲ್ಲಿನ ಮಾತು ಹಾಗಿರಲಿ, ಜೂನ್ ತಿಂಗಳಲ್ಲಿ ಮರ ಬಿದ್ದು ದಿನವಿಡೀ ಕರೆಂಟು ಇಲ್ಲದಾಗ ಇನ್ವರ್ಟರಿನ ಬ್ಯಾಟರಿ ಅತ್ತೆಯ ಕೋಣೆಯ ಫ್ಯಾನಿಗೆ ಬೇಕೋ ಈ ಕಂಪ್ಯೂಟರಿಗೆ ಬೇಕೋ? ನೀವೇ ಹೇಳಿ.

ಆಗ ನೆನಪಾದದ್ದು ನಮ್ಮ ಶಾಲೆಯ ಪ್ರಯೋಗಾಲಯಕ್ಕೆ ಬಂದಿದ್ದ ಒಂದು ಪುಟ್ಟ ಹಲಗೆ. ರಾಸ್ಪ್‌ಬೆರಿ ಪೈ ಎಂದು ಹೆಸರು. ಮಕ್ಕಳು ಕಂಪ್ಯೂಟರ್ ಕಲಿಯಲೆಂದು ಇಂಗ್ಲೆಂಡಿನ ಸಂಸ್ಥೆಯೊಂದು 2012ರಿಂದ ಮಾರುತ್ತಿರುವ, ಅಂಗೈಯಲ್ಲಿ ಹಿಡಿಯುವಷ್ಟು ಕಂಪ್ಯೂಟರ್. 2019ರಲ್ಲಿ ಅದರ ನಾಲ್ಕನೆಯ ಅವತಾರ ಬಂದಿತ್ತು. ಇಷ್ಟು ಚಿಕ್ಕದಕ್ಕೆ ಟೀವಿ ಹಿಡಿದಿಡುವ ಶಕ್ತಿ ಎಲ್ಲಿಂದ ಬರಬೇಕು ಎಂದು ನಮ್ಮವರು ಕೇಳಿದರು. ನಾನು ಅವರಿಗೆ ಹಿಟ್ಟಿನ ಲೆಕ್ಕದಲ್ಲಿ ಹೇಳಿದೆ.

ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಜೀಸ್ಯಾಟ್-15 ಎಂಬ ಉಪಗ್ರಹವಿದೆ. 2015ರ ನವೆಂಬರಿನಲ್ಲಿ ಹಾರಿಬಿಟ್ಟದ್ದು. ಅದರಿಂದ ನಮ್ಮ ಡಿಶ್ಶಿಗೆ ಇಳಿಯುವಾಗಲೇ ಚಿತ್ರ, ಧ್ವನಿಯೆಲ್ಲ ಅಂಕಿಗಳಾಗಿ, ಒತ್ತಿ ಅಡಕ ಮಾಡಿದ ರೂಪದಲ್ಲಿರುತ್ತದೆ. ಹಿಂದಿನ ಆಂಟೆನಾದ ಕಾಲದಲ್ಲಿ ಹೀಗಿರಲಿಲ್ಲ. ಆಗ ಬರುತ್ತಿದ್ದುದು ಅಕ್ಕಿ. ಅದನ್ನು ಕಂಪ್ಯೂಟರಿನಲ್ಲಿ ಇಡಬೇಕೆಂದರೆ ನಾವೇ ಬೀಸಿ ಹಿಟ್ಟು ಮಾಡಬೇಕಿತ್ತು, ಅದಕ್ಕೆ ದೊಡ್ಡ ಗಿರಣಿ ಬೇಕಿತ್ತು. ಈಗ ಬೀಸಿದ ಹಿಟ್ಟೇ ಮನೆಗೆ ಬರುತ್ತದೆ. ಡಬ್ಬಿಗೆ ತುಂಬಿ ಮುಚ್ಚಳ ಹಾಕುವುದಷ್ಟೇ ಕೆಲಸ. ತುಂಬುವುದಕ್ಕೆ ಗಿರಣಿ ಏಕೆ? ಕಡಿಮೆ ಕರೆಂಟಿನ ಗುಟ್ಟು ಇಷ್ಟೇ. ಸೆಕೆಂಡಿಗೆ ಸುಮಾರು 3 ಮೆಗಾಬಿಟ್ ಎಂದು ಹಿಡಿದರೆ ಗಂಟೆಗೆ ಒಂದೂಕಾಲು ಗಿಗಾಬೈಟಿಗಿಂತ ತುಸು ಹೆಚ್ಚು, ಅರ್ಧ ಗಂಟೆಯ ಕಂತಿಗೆ 700 ಮೆಗಾಬೈಟು. ಒಂದು ಟೆರಾಬೈಟಿನ ಡಿಸ್ಕಿನಲ್ಲಿ 700 ಗಂಟೆಗೂ ಹೆಚ್ಚು ಹಿಡಿಯುತ್ತದೆ.

ಸಾಮಾನಿನ ಪಟ್ಟಿ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ. ಮಹಡಿಯ ಡಿಶ್ ಇದ್ದೇ ಇತ್ತು, ಅದರಿಂದ ಇಳಿಯುವ ತಂತಿಗೆ ಒಂದು ಯು.ಎಸ್.ಬಿ. ಟ್ಯೂನರ್. ಉಪಗ್ರಹದ ಟ್ಯೂನರೇ ಆಗಬೇಕು, ಆಂಟೆನಾದ್ದು ನಡೆಯುವುದಿಲ್ಲ. ಡಿಶ್ಶಿನ ಮೂತಿಗೆ ಈ ಟ್ಯೂನರೇ ತಂತಿಯ ಮೂಲಕ ವಿದ್ಯುತ್ ಕಳಿಸುತ್ತದೆ. 13 ವೋಲ್ಟ್ ಕಳಿಸಿದರೆ ಅದು ಒಂದು ಬಗೆಯ ಅಲೆ ಹಿಡಿಯುತ್ತದೆ, 18 ಕಳಿಸಿದರೆ ಇನ್ನೊಂದು. ಆದ್ದರಿಂದ ಟ್ಯೂನರಿಗೆ ಅದರದೇ ಅಡಾಪ್ಟರ್ ಇರುವುದು ಕ್ಷೇಮ. ಆಮೇಲೆ ಪೈ, ಅದಕ್ಕೊಂದು ಒಳ್ಳೆಯ ಅಡಾಪ್ಟರ್, ಒಂದು ಡಿಸ್ಕ್. ತಂತ್ರಾಂಶಕ್ಕೆ ದುಡ್ಡಿಲ್ಲ. ಹಿಡಿದಿಡುವುದಕ್ಕೆ ಟಿವಿಹೆಡೆಂಡ್, ತೋರಿಸುವುದಕ್ಕೆ ಕೋಡಿ. ಕೆರೆ ಕೋಡಿ ಬೀಳುವುದನ್ನು ಬಲ್ಲ ನಮಗೆ ಈ ಹೆಸರು ಮರೆಯುವ ಹಾಗೇ ಇಲ್ಲ. ಮೂರನೆಯ ಅವತಾರದವರೆಗಿನ ಪೈಗಳಲ್ಲಿ ಇಂಥ ಚಿತ್ರ ಸಲೀಸಾಗಿ ಬಿಚ್ಚಿಕೊಳ್ಳಲು ಸಣ್ಣ ಮೊತ್ತ ಕೊಟ್ಟು ಒಂದು ಪರವಾನಗಿ ಸಂಖ್ಯೆ ತರಿಸಬೇಕಿತ್ತು. ನಾಲ್ಕನೆಯದರಲ್ಲಿ ಅದೂ ಬೇಡ. ಎಲ್ಲ ಸೇರಿ ಒಂದು ಸಣ್ಣ ಫ್ರಿಜ್ಜಿನ ಬೆಲೆಯ ಹತ್ತಿರ ಬಂತು. 'ಫ್ರಿಜ್ಜಾದರೆ ಹಾಲಾದರೂ ಇಡಬಹುದಿತ್ತು' ಎಂದರು ನಮ್ಮವರು. 'ಇದರಲ್ಲಿ ಹೊತ್ತು ಇಡಬಹುದು' ಎಂದೆ.

ಎಲ್ಲವನ್ನೂ ಇಟ್ಟದ್ದು ಅವಲಕ್ಕಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಬಿಸಿ ಹೋಗಲೆಂದು ಸುತ್ತ ತೂತು ಕೊರೆದೆ. ಸ್ಟೀಲಿನದು ಚಂದ ಕಾಣುತ್ತಿತ್ತು, ಆದರೆ ಲೋಹದೊಳಗಿಟ್ಟರೆ ವೈಫೈ ಅಲೆ ಒಳಗೆ ಬರದು. ಟ್ಯೂನರು, ಡಿಸ್ಕು, ಡಿಶ್ಶಿನ ಮೂತಿ ಎಲ್ಲ ಸೇರಿ ನನ್ನ ಲೆಕ್ಕಕ್ಕೆ ಸುಮಾರು 12 ವಾಟ್. ಒಂದು ಎಲ್ಇಡಿ ಬಲ್ಬಿನಷ್ಟು. ತಿಂಗಳಿಗೆ 9 ಯೂನಿಟ್ ದಾಟುವುದಿಲ್ಲ. ಫ್ಯಾನೂ ತಿರುಗಿತು, ಡಬ್ಬಿಯೂ ನಡೆಯಿತು. ಅದೂ ಅಲ್ಲದೆ, ಉಪಗ್ರಹದಿಂದ ಒಂದೊಂದು ಕಂಪನಾಂಕದಲ್ಲಿ ಹಲವು ವಾಹಿನಿಗಳು ಒಟ್ಟಿಗೇ ಬರುತ್ತವೆ, ಒಂದೇ ಬಸ್ಸಿನಲ್ಲಿ ಹಲವು ಊರಿನವರು ಬಂದಂತೆ. ಆ ಬಸ್ಸು ನಮ್ಮ ಬಾಗಿಲಿಗೆ ಬಂದ ಮೇಲೆ ಅದರಲ್ಲಿದ್ದ ಎಷ್ಟು ಜನರನ್ನಾದರೂ ಇಳಿಸಿಕೊಳ್ಳಬಹುದು. ಒಂದೇ ಟ್ಯೂನರಿನಲ್ಲಿ ಎರಡು ಕಾರ್ಯಕ್ರಮ ಹಿಡಿಯುವ ಚಮತ್ಕಾರ ಇದು.

ನಮ್ಮ ಈ ನಾಲ್ಕನೆಯ ಅವತಾರದ ಪೈಗೆ ಒಂದು ವಿಚಿತ್ರ ಸ್ವಭಾವವಿದೆ. ಅದರ ಹೊಟ್ಟೆಯಲ್ಲಿ ಗಡಿಯಾರವಿಲ್ಲ. ಕರೆಂಟು ಹೋಗಿ ಬಂದಾಗ ಅದು ಇಂಟರ್‌ನೆಟ್ಟಿನಲ್ಲಿ ಯಾರನ್ನಾದರೂ ಕೇಳಿ ಹೊತ್ತು ತಿಳಿದುಕೊಳ್ಳುತ್ತದೆ. ಕೇಳುವುದಕ್ಕೆ ಯಾರೂ ಸಿಗದಿದ್ದರೆ ಹೋದ ಗಳಿಗೆಯ ಸುತ್ತಮುತ್ತಲೇ ನಿಂತಿರುತ್ತದೆ. ಇನ್ವರ್ಟರೂ ಸೋತ ಒಂದು ಸಂಜೆ ಹೀಗೇ ಆಯಿತು. ಹೊರಗೆ ರಾತ್ರಿ ಹತ್ತು, ಡಬ್ಬಿಯೊಳಗೆ ಇನ್ನೂ ಸಂಜೆ ಐದು. ಅತ್ತೆಯ ಕೋಣೆಯೂ ಹೀಗೇ ಅಲ್ಲವೇ ಎನ್ನಿಸಿತು. ಲಕ್ವ ಹೊಡೆದ ದಿನವೇ ಅಲ್ಲಿನ ಗಡಿಯಾರ ನಿಂತಿದೆ, ಹೊರಗಿನವರು ಯಾರೂ ಬಂದು ಹೊತ್ತು ಹೇಳಿಲ್ಲ. ಪೈಗಾದರೆ ಔಷಧಿ ಇತ್ತು. ನಾಣ್ಯದಾಕಾರದ ಬ್ಯಾಟರಿಯಿರುವ ಪುಟ್ಟ ಗಡಿಯಾರದ ಬಿಲ್ಲೆ ತರಿಸಿ ಸಿಕ್ಕಿಸಿದೆ. ಕಾರ್ಯಕ್ರಮದ ಹೊತ್ತಿಗಿಂತ ಐದು ನಿಮಿಷ ಮೊದಲು ಶುರು, ಹತ್ತು ನಿಮಿಷ ತಡವಾಗಿ ಕೊನೆ ಎಂದು ಹೊತ್ತು ಕಟ್ಟಿದೆ. ಮಳೆಗೆ ಮಾತ್ರ ಮದ್ದಿಲ್ಲ. ಅಷ್ಟು ದೂರ ಸುಸೂತ್ರವಾಗಿ ಬರುವ ಅಲೆ ಕೊನೆಯ ನಾಲ್ಕಾರು ಕಿಲೋಮೀಟರಿನ ಮಳೆಮೋಡದಲ್ಲಿ ಎಡವಿಬಿಡುತ್ತದೆ. ಆಗ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಆಷಾಢದಲ್ಲಿ ವಾರಕ್ಕೆರಡು ಕಂತು ಹೀಗೆ ಹೋಗುತ್ತಿದ್ದವು. ಹೋಗಲಿ ಬಿಡಿ, ಸಂಡಿಗೆಯನ್ನೂ ಮಳೆ ಹಾಳು ಮಾಡುತ್ತದೆ.

ಟೀವಿಯ ರಿಮೋಟಿನಿಂದಲೇ ಡಬ್ಬಿಯೂ ಕೆಲಸ ಮಾಡುತ್ತಿತ್ತು. ಟೀವಿಗೂ ಪೈಗೂ ನಡುವಿನ ಎಚ್.ಡಿ.ಎಂ.ಐ. ತಂತಿಯಲ್ಲೇ ಆ ಅಪ್ಪಣೆ ಸಾಗುತ್ತದೆ. ಅಷ್ಟು ಗುಂಡಿಗಳಲ್ಲಿ ಅತ್ತೆಗೆ ಬೇಕಾದದ್ದು ನಾಲ್ಕೇ. ಉಳಿದವಕ್ಕೆ ರಟ್ಟು ಹಚ್ಚಿ ಮುಚ್ಚಿದೆ. ನಿಲ್ಲಿಸುವ ಗುಂಡಿಯ ಮೇಲೆ ನನ್ನ ಮಕಮಲ್ಲಿನ ಬೊಟ್ಟು ಅಂಟಿಸಿದೆ, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯಲಿ ಎಂದು.

ಮೊದಲ ದಿನ ಹನ್ನೊಂದು ಗಂಟೆಗೆ ಹಾಕಿಕೊಟ್ಟೆ. ಅತ್ತೆಗೆ ನಂಬಿಕೆ ಬರಲಿಲ್ಲ, ಹೊರಗಿನ ಬಿಸಿಲು ನೋಡಿದರು, ಟೀವಿ ನೋಡಿದರು. ಪ್ರಶ್ನೆ ಬಂತು. ಉತ್ತರ ಬರುವ ಮುಂಚೆ ನಾನು ಬೊಟ್ಟು ಒತ್ತಿದೆ. ತೆರೆಯ ಮೇಲಿದ್ದವರೆಲ್ಲ ಹಾಗೆಯೇ ನಿಂತರು. ಅತ್ತೆಗೋಸ್ಕರ ಒಂದು ಇಡೀ ಸಭೆ ಬಾಯಿ ತೆರೆದು ಕಾಯುತ್ತಿರುವ ಹಾಗೆ. ಪ್ರಶ್ನೆ ಯಾವುದೋ ಹಳೆಯ ಮನೆಬಳಕೆಯ ಸಾಮಾನಿನದು. ಅತ್ತೆಯ ಎಡಗೈ ಮೇಲೆದ್ದು ಕೆಳಗಿಳಿಯಿತು, ಮತ್ತೆ ಎದ್ದು ಇಳಿಯಿತು. ಕುಟ್ಟುತ್ತಿದ್ದಾರೆ ಎಂದು ತಿಳಿಯಿತು. ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು, ಹಲ್ಲು ಕಚ್ಚಿ ಕೂತೆ. ಗೋಡೆಯ ಗಡಿಯಾರದಲ್ಲಿ ಮುಳ್ಳು ಎರಡು ಸುತ್ತು ಬಂತು. 'ಒ...' ಎಂದರು. ಸುಮ್ಮನಾದರು. 'ಒನ... ಒನಕೆ.'

ಮತ್ತೆ ಬೊಟ್ಟು ಒತ್ತಿದೆ. ಅಲ್ಲಿಯವರೂ ಒನಕೆ ಎಂದರು. ಅತ್ತೆ ನನ್ನತ್ತ ತಿರುಗಿ, ಸೊಟ್ಟಗಾಗಿದ್ದ ಬಾಯಲ್ಲೇ, ಹಿಂದೆ ಬೀರು ಪುಸ್ತಕದ ಮಾತಾಡುವಾಗಿನ ಅದೇ ಜಂಬದ ನಗೆ ನಕ್ಕರು. ಹತ್ತು ತಿಂಗಳ ಮೇಲೆ ಆ ನಗು ಕಂಡೆ.

ಇದರಿಂದ ಕಾಯಿಲೆ ಗುಣವಾಯಿತೆಂದು ನಾನು ಹೇಳುವುದಿಲ್ಲ. ಚಿಕಿತ್ಸೆ ಚಿಕಿತ್ಸೆಯೇ. ಯಾರ ಮನೆಯಲ್ಲಾದರೂ ಹೀಗಾಗಿದ್ದರೆ ತಡಮಾಡದೆ ವಾಕ್ ಚಿಕಿತ್ಸಕರನ್ನು ಕಾಣಿರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಡಬ್ಬಿ ಮಾಡಿದ್ದು ಇಷ್ಟೇ: ದಿನಕ್ಕೆ ಅರ್ಧ ಗಂಟೆಯ ಕಾರ್ಯಕ್ರಮವನ್ನು ನಾವು ಒಂದೂವರೆ ಗಂಟೆ ನೋಡುತ್ತಿದ್ದೆವು. ಹತ್ತರಲ್ಲಿ ಮೂರಕ್ಕೆ ಉತ್ತರ ಬರುತ್ತಿತ್ತು, ಕೆಲವು ದಿನ ಒಂದಕ್ಕೂ ಇಲ್ಲ. ಆದರೆ ಗೋಡೆಯ ಕಡೆ ಮುಖ ಮಾಡಿ ಮಲಗುವುದು ನಿಂತಿತು.

ಆ ದಿನಗಳಲ್ಲೇ ಬೆಂಗಳೂರಿನಿಂದ ಮೈದುನ ಬಂದ. ಅಮ್ಮನನ್ನು ಅಲ್ಲಿಯ ಒಂದು ಆರೈಕೆ ಕೇಂದ್ರಕ್ಕೆ ಸೇರಿಸುವ ಮಾತು ಅವನ ಮನಸ್ಸಿನಲ್ಲಿತ್ತು. ನನ್ನ ಮೇಲಿನ ಕಾಳಜಿಯಿಂದಲೇ ಎನ್ನಿ. ಅತ್ತೆಯ ಮಂಚದ ಪಕ್ಕದಲ್ಲೇ ಕೂತು, 'ಅತ್ತಿಗೆ, ನೀವು ಎಷ್ಟು ದಿನ ಅಂತ ಮಾಡ್ತೀರಿ? ಅಮ್ಮನಿಗೆ ಈಗ ಎಲ್ಲಿದ್ದರೂ ಒಂದೇ. ಏನು ತಿಳಿಯುತ್ತೆ ಪಾಪ' ಎಂದ. ಮಾತು ಬಾರದವರ ಎದುರು ನಾವೆಲ್ಲ ಹೀಗೇ, ಅವರಿಗೆ ಕಿವಿಯೂ ಇಲ್ಲವೆಂದುಕೊಳ್ಳುತ್ತೇವೆ. ನಾನು ಉತ್ತರ ಕೊಡಲಿಲ್ಲ. ಹನ್ನೊಂದಾಗಿತ್ತು, ಟೀವಿ ಹಾಕಿದೆ. ಮೂರನೆಯ ಪ್ರಶ್ನೆಗೆ ಅತ್ತೆಯೇ ಎಡಗೈ ಚಾಚಿ ಬೊಟ್ಟು ಒತ್ತಿದರು. ಮೈದುನ ಏನೋ ಹೇಳಲು ಹೊರಟ, ಕೈಸನ್ನೆ ಮಾಡಿ ತಡೆದೆ. ನಿಮಿಷ ಕಳೆಯಿತು. ಅವನಿಗೆ ಕೂತಲ್ಲೇ ಚಡಪಡಿಕೆ. ಅತ್ತೆ ಉತ್ತರ ಹೇಳಿದರು, ಸರಿಯಾದ ಉತ್ತರ, ಅವನಿಗೆ ಗೊತ್ತಿಲ್ಲದ ಉತ್ತರ. ಆಮೇಲೆ ಅವನ ಕಡೆ ತಿರುಗಿದರು. ಮತ್ತೆ ಅಷ್ಟೇ ಹೊತ್ತು ಹಿಡಿಯಿತು. 'ಇಲ್ಲೇ...' ಎಂದರು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ, 'ಇರ್ತೀನಿ.'

ಮೈದುನ ಆರೈಕೆ ಕೇಂದ್ರದ ಮಾತು ಮತ್ತೆ ಎತ್ತಲಿಲ್ಲ. ಬದಲಿಗೆ ತಿಂಗಳಿಗೆ ಒಂದು ವಾರ ಬಂದು ತಾನೇ ಅಮ್ಮನ ಜೊತೆ ಇರುವೆನೆಂದ. ಬಂದೂ ಇದ್ದ. ಫೋನಿನಲ್ಲಿ ಮಾತಾಡುವಾಗ ಅವನೂ ಮಾತಿನ ನಡುವೆ ನಿಲ್ಲಿಸಿ ಕಾಯುವುದನ್ನು ಕಲಿತ. ಹಾಗೆಂದು ಎಲ್ಲ ಮನೆಗಳಲ್ಲೂ ಮನೆಯೇ ಸರಿ, ಕೇಂದ್ರ ತಪ್ಪು ಎಂದು ನಾನು ಹೇಳಲಾರೆ. ನೋಡಿಕೊಳ್ಳುವ ಹೆಂಗಸಿನ ಸೊಂಟಕ್ಕೂ ಒಂದು ಮಿತಿ ಇದೆ. ಆದರೆ ಕೇಳದೆ ತೀರ್ಮಾನಿಸುವುದು ಬೇರೆ, ಕೇಳಿ ಕಾದು ತೀರ್ಮಾನಿಸುವುದು ಬೇರೆ.

2020ರ ಮಾರ್ಚಿನಲ್ಲಿ ಊರೆಲ್ಲ ಬಾಗಿಲು ಮುಚ್ಚಿದಾಗ ದೂರದರ್ಶನ ಮತ್ತೆ 'ರಾಮಾಯಣ' ಹಾಕಿತು. ಹಿಡಿದಿಟ್ಟು ಮಧ್ಯಾಹ್ನ ಮೂರಕ್ಕೆ, ಪಾತ್ರೆಯೆಲ್ಲ ತೊಳೆದಾದ ಮೇಲೆ, ಅತ್ತೆಯ ಮಂಚದ ಪಕ್ಕ ಕಾಲು ಚಾಚಿ ಕೂತು ನೋಡಿದೆ. ಈ ಸಲ ಕಥೆ ಹೇಳುವ ಸರದಿ ನನ್ನದು. ಅತ್ತೆ ಕಣ್ಣು ಮುಚ್ಚಿದಾಗಲೆಲ್ಲ ನಿಲ್ಲಿಸಿ, ಎದ್ದ ಮೇಲೆ ನಡೆದದ್ದು ಹೇಳಿ ಮುಂದುವರಿಸುತ್ತಿದ್ದೆ. ಅಂಥ ಹೊತ್ತು ನನಗೂ ಒಂದು ಬೇಕೆಂದು ಆಗ ತಿಳಿಯಿತು. ಅಂದಿನಿಂದ ಸಂಗೀತದ ಕಾರ್ಯಕ್ರಮವೊಂದನ್ನು ನನಗಾಗಿಯೇ ಹಿಡಿದಿಡಲು ಶುರುಮಾಡಿದೆ. ಮೂರರಿಂದ ಮೂರೂವರೆ. ಆಗ ಯಾರು ಕಾಫಿ ಕೇಳಿದರೂ ನಮ್ಮವರೇ ಮಾಡಬೇಕು. ಕುಡಿಯುವ ಹದಕ್ಕೆ ಮಾಡಲು ಅವರಿಗೆ ಎರಡು ತಿಂಗಳು ಹಿಡಿಯಿತು.

ಅತ್ತೆ 2022ರ ಚಳಿಗಾಲದಲ್ಲಿ ಹೋದರು. ಡಿಸ್ಕಿನಲ್ಲಿ ಅವರ ಕಂತುಗಳನ್ನೆಲ್ಲ ಇಟ್ಟಿದ್ದೀರಾ ಎಂದು ಕೇಳುವವರಿದ್ದಾರೆ. ಇಲ್ಲ. ನೋಡಿ ಮುಗಿದದ್ದನ್ನು ಅಳಿಸಬೇಕೆಂಬುದು ಅತ್ತೆಯದೇ ನೇಮವಾಗಿತ್ತು. ಹಳಸಿದ ಅನ್ನ ಇಡಬಾರದೆನ್ನುವ ಹಾಗೆ, ಕಂತು ಮುಗಿದೊಡನೆ ಎಡಗೈ ಬೀಸಿ 'ತೆಗಿ' ಎನ್ನುತ್ತಿದ್ದರು. ಆ ಒಂದು ಮಾತು ಅವರಿಗೆ ಥಟ್ಟಂತ ಬರುತ್ತಿತ್ತು.

ಈಗ ಬೀದಿಯ ಹೆಂಗಸರು ಒಬ್ಬೊಬ್ಬರೇ ಬಂದು ಡಬ್ಬಿ ನೋಡುತ್ತಾರೆ. ಒಬ್ಬರ ಮಗಳಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಇನ್ನೊಬ್ಬರು ಸಂಜೆಯೆಲ್ಲ ಹೊಲಿಗೆ ಯಂತ್ರದ ಮುಂದೆ. ತಮಗೂ ಕಟ್ಟಿಕೊಡಿ ಎನ್ನುತ್ತಾರೆ. ಕಟ್ಟಿಕೊಡುವುದಿಲ್ಲ, ಕೂರಿಸಿಕೊಂಡು ಹೇಳಿಕೊಡುತ್ತೇನೆ. ನಮ್ಮ ಕೈಯಲ್ಲಿ ಆಗದ್ದೇನೂ ಅದರಲ್ಲಿಲ್ಲ. ಹಣಕ್ಕೆ ಕಷ್ಟವಿದ್ದರೆ ಅಗ್ಗದ ಸೆಟ್‌ಟಾಪ್ ಬಾಕ್ಸಿನಿಂದಲೇ ಶುರುಮಾಡಿ ಎನ್ನುತ್ತೇನೆ. ಆದರೆ ಸ್ಕ್ರೂಡ್ರೈವರ್ ಕೈಗೆ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ: ದಿನದಲ್ಲಿ ನಿಮ್ಮದೆನ್ನುವ ಅರ್ಧ ಗಂಟೆ ಯಾವುದು? ಹೆಚ್ಚಿನವರು ತಕ್ಷಣ ಬಾಯಿ ಬಿಡುವುದಿಲ್ಲ. ನಾನು ಕಾಯುತ್ತೇನೆ.